ಕೋಚ್‌ಗೆ ಗೇಟ್‌ಪಾಸ್, ಪಟ್ಟಿಗೆ ಯಾರು ಹೊಣೆ?

ತಂಡ ಸೋತಾಗ ಗ್ಯಾಲರಿ ಬೈಯುವುದು ಕೋಚ್‌ನನ್ನು. ಆದರೆ ಬೆಂಗಳೂರು ಎಫ್‌ಸಿಯ ಚರಿತ್ರೆ ತಿರುವಿ ಹಾಕಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಅರ್ಧ ಸೀಸನ್ ಗೆಲ್ಲುವುದು, ಸೋಲುವುದು ಚೆಂಡು ಉರುಳುವ ಮೊದಲೇ ತೀರ್ಮಾನವಾಗಿರುತ್ತದೆ: ಮೇ ತಿಂಗಳಲ್ಲಿ, ಕರಾರು ಪತ್ರದ ಮೇಲೆ!

2025ರ ಏಪ್ರಿಲ್ 6. ಗೋವಾದ ಫತೋರ್ಡಾ ಕ್ರೀಡಾಂಗಣ. ಮೊದಲ ಲೆಗ್‌ನಲ್ಲಿ ಬೆಂಗಳೂರು ಎಫ್‌ಸಿ ಗಳಿಸಿ ತಂದಿದ್ದ 2–0 ಮುನ್ನಡೆ ಕರಗಿ ಹೋಗಿದೆ. ವಿರಾಮ ಮುಗಿದು ನಾಲ್ಕೇ ನಿಮಿಷಕ್ಕೆ ಬೋರ್ಹಾ ಹೆರೇರಾ ಒಂದು ಗೋಲು ಹೊಡೆದರು, 88ನೇ ನಿಮಿಷದಲ್ಲಿ ಅರ್ಮಾಂಡೊ ಸದಿಕು ಇನ್ನೊಂದು. ಊರಿನವರು ಕುಣಿಯುತ್ತಿದ್ದಾರೆ. ಎಲ್ಲರ ಕಣ್ಣೂ ಹೆಚ್ಚುವರಿ ಅವಧಿಯ ಮೇಲೆ.

ಇಂಜುರಿ ಟೈಮ್‌ನ ಎರಡನೇ ನಿಮಿಷ. ನಾಮ್ಗ್ಯಾಲ್ ಭುಟಿಯಾ ಪೆನಾಲ್ಟಿ ಬಾಕ್ಸ್‌ಗೆ ಚೆಂಡನ್ನು ತೂರುತ್ತಾರೆ. ಗೋವಾದ ಡಿಫೆಂಡರ್‌ಗಳ ನಡುವೆ ಜಾಗ ಮಾಡಿಕೊಂಡ ಒಂದು ತಲೆ ಅದಕ್ಕೆ ತಾಗುತ್ತದೆ. ಗೋಲು! ಒಟ್ಟು ಲೆಕ್ಕ 3–2, ಬೆಂಗಳೂರು ಫೈನಲ್‌ಗೆ.

ಆ ತಲೆ ಸುನಿಲ್ ಚೆಟ್ರಿ ಅವರದು. ಆಗ ಅವರ ವಯಸ್ಸು 40.

ಆ ರಾತ್ರಿ ಬೆಂಗಳೂರಿನಲ್ಲಿ ಎಷ್ಟು ಮನೆಗಳ ಟಿ.ವಿ ಮುಂದೆ ಕುರ್ಚಿ ಉರುಳಿದವೋ ಲೆಕ್ಕ ಇಟ್ಟವರಿಲ್ಲ. ಆದರೆ ಬೆಳಿಗ್ಗೆ ಕಾಫಿ ಹೀರುವ ಹೊತ್ತಿಗೆ ಅಭಿಮಾನಿಯ ತಲೆಯಲ್ಲಿ ಬೇರೆ ಗಣಿತ ಶುರುವಾಗುತ್ತದೆ. 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಈ ನಲವತ್ತರ ಮನುಷ್ಯ: 14 ಗೋಲು. ಹೆಮ್ಮೆಪಡಬೇಕಾದದ್ದೇ. ಆದರೆ ಹನ್ನೆರಡು ವರ್ಷಗಳಿಂದ ಇದೇ ಊರಿನಲ್ಲಿರುವ ಒಂದು ಕ್ಲಬ್ಬು ಆ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಿಲ್ಲ ಎಂಬುದಕ್ಕೂ ಅದೇ ಅಂಕಿ ಸಾಕ್ಷಿ.

ಚೆಟ್ರಿಯವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕೋಚ್ ತಪ್ಪೂ ಪೂರ್ತಿ ಅಲ್ಲ. ಹಾಗಾದರೆ ಯಾರದು?

ಮೇ 31 ಎಂಬ ಹೊಸ ವರ್ಷ

ಫುಟ್‌ಬಾಲ್ ಆಟಗಾರರಿಗೆ ವರ್ಷ ಮುಗಿಯುವುದು ಡಿಸೆಂಬರ್‌ನಲ್ಲಲ್ಲ. ನಮ್ಮ ದೇಶದಲ್ಲಿ ಬಹುತೇಕ ಕರಾರುಗಳು ಮುಗಿಯುವುದು ಮೇ 31ಕ್ಕೆ. ಜೂನ್‌ನಲ್ಲಿ ಟ್ರಾನ್ಸ್‌ಫರ್ ಬಾಗಿಲು ತೆರೆಯುತ್ತದೆ. ಮುಂಗಾರು ಶುರುವಾಗುವ ಹೊತ್ತಿಗೆ ಅರ್ಧ ತಂಡ ಜೆರ್ಸಿ ಬದಲಿಸಿರುತ್ತದೆ.

ಆದರೆ ನಿಜವಾದ ಆಟ ನಡೆಯುವುದು ಅದಕ್ಕೂ ಆರು ತಿಂಗಳು ಮೊದಲು. ಕರಾರಿನಲ್ಲಿ ಆರು ತಿಂಗಳು ಉಳಿದಿದ್ದರೆ ಆಟಗಾರ ಬೇರೆ ಕ್ಲಬ್ಬಿನ ಜತೆ ಮಾತಾಡಿ ಸಹಿ ಹಾಕಬಹುದು ಎನ್ನುತ್ತದೆ ಫಿಫಾ ನಿಯಮ. ಅಂದರೆ ಮೇನಲ್ಲಿ ಕರಾರು ಮುಗಿಯುವ ಹುಡುಗ ಡಿಸೆಂಬರ್ ಆರಂಭದಲ್ಲೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿರಬಹುದು. ಜನವರಿಯಲ್ಲಿ ಎದೆಯ ಮೇಲಿನ ಲಾಂಛನಕ್ಕೆ ಮುತ್ತಿಟ್ಟರೆ ನಂಬಬೇಡಿ.

ಹಾಗಾಗಿ ಕರಾರಿನ ಕೊನೆಯ ವರ್ಷ ನಿರ್ಧಾರದ ವರ್ಷವಲ್ಲ. ಅದರ ಹಿಂದಿನ ವರ್ಷವೇ ನಿರ್ಧಾರ ಆಗಬೇಕು: ಸಂಬಳ ಹೆಚ್ಚಿಸಿ ಉಳಿಸಿಕೊಳ್ಳುವುದೋ, ಬೆಲೆ ಇರುವಾಗಲೇ ಮಾರುವುದೋ. ಎರಡೂ ಮಾಡದೆ ಕೂತರೆ ಆಟಗಾರ ಬಿಡಿಗಾಸೂ ಕೊಡದೆ ಎದ್ದು ಹೋಗುತ್ತಾನೆ. ಇದು ಯುರೋಪಿಗೂ ಸತ್ಯ, ಅಶೋಕ ನಗರಕ್ಕೂ ಸತ್ಯ.

ನಮ್ಮ ಲೀಗ್‌ನಲ್ಲಿ ಇನ್ನೊಂದು ಬಿಗಿಯಿದೆ. 2021–22ರಿಂದ ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರಷ್ಟೇ ವಿದೇಶಿಯರು. ಉಳಿದ ಏಳು ಜನ ಭಾರತೀಯರೇ ಆಗಬೇಕು. ಸಂಬಳದ ಮೇಲೂ ಮಿತಿ ಇದೆ. ಬಹಳ ವರ್ಷ ಅದು ತಂಡವೊಂದಕ್ಕೆ 16.5 ಕೋಟಿ ರೂಪಾಯಿ ಇತ್ತು. ಇಪ್ಪತ್ತೈದು ಜನಕ್ಕೆ ಹಂಚಿದರೆ ತಲೆಗೆ ಸರಾಸರಿ 66 ಲಕ್ಷ. ಒಬ್ಬ ಒಳ್ಳೆಯ ವಿದೇಶಿ ಸ್ಟ್ರೈಕರ್ ಬಂದು ಕೂತರೆ ಉಳಿದವರ ಪಾಲು ಎಷ್ಟಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ವಿದೇಶಿ ಆಟಗಾರರು ಜಗತ್ತಿನ ಸಂತೆಯಲ್ಲಿ ಸಿಗುತ್ತಾರೆ. ಏಜೆಂಟರ ಕೈಯಲ್ಲಿ ವಿಡಿಯೊಗಳ ರಾಶಿಯೇ ಇರುತ್ತದೆ. ಆದರೆ ಒತ್ತಡದಲ್ಲಿ ಚೆಂಡನ್ನು ಶಾಂತವಾಗಿ ಹೊರತರಬಲ್ಲ ಭಾರತೀಯ ಸೆಂಟರ್ ಬ್ಯಾಕ್‌ಗಳನ್ನು ಬೆರಳಲ್ಲಿ ಎಣಿಸಬಹುದು. ಅದಕ್ಕೇ ಅಭಿಮಾನಿಯಾಗಿ ನನ್ನ ಒಂದೇ ವಾದ: ಭಾರತೀಯರ ಕರಾರು ಕಾಪಾಡಿಕೊಂಡ ಕ್ಲಬ್ಬು ಉಳಿಯುತ್ತದೆ. ಅದನ್ನು ಕೈಬಿಟ್ಟ ಕ್ಲಬ್ಬು ಪ್ರತಿ ಡಿಸೆಂಬರ್‌ನಲ್ಲಿ ಹೊಸ ಕೋಚ್ ಹುಡುಕುತ್ತದೆ.

> ಕರಾರಿನ ಕಟ್ಟಳೆ
> ಫಿಫಾ ನಿಯಮದ ಪ್ರಕಾರ ವಯಸ್ಕ ಆಟಗಾರನ ಕರಾರು ಸಾಮಾನ್ಯವಾಗಿ ಗರಿಷ್ಠ 5 ವರ್ಷ. 18 ತುಂಬದವರಿಗೆ 3 ವರ್ಷ ಮಾತ್ರ.
> ಕನಿಷ್ಠ ಎರಡು ತಿಂಗಳ ಸಂಬಳ ಬಾಕಿ ಉಳಿದರೆ, 15 ದಿನಗಳ ನೋಟಿಸ್ ಕೊಟ್ಟು ಆಟಗಾರ ಕರಾರು ಕಡಿದುಕೊಳ್ಳಬಹುದು.
> ಕರಾರಿನ ನಡುವೆ ಹಣ ಪಡೆದು ಆಟಗಾರನನ್ನು ಬಿಟ್ಟುಕೊಟ್ಟಾಗ, ಆ ಮೊತ್ತದ ಶೇ 5ರಷ್ಟು ಅವನನ್ನು ಎಳವೆಯಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಸೇರಬೇಕು.

ಮೂವರು ಕೋಚ್, ಒಂದೇ ದಾರಿ

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಈ ಕ್ಲಬ್ ಕಟ್ಟಿದಾಗ ನಕ್ಕವರೇ ಹೆಚ್ಚು. ಕೋಲ್ಕತ್ತ, ಗೋವಾಗಳ ಹಳೇ ಹುಲಿಗಳ ಮುಂದೆ ಈ ಕಂಪನಿ ತಂಡ ಎಷ್ಟು ದಿನ? ಇಂಗ್ಲೆಂಡ್‌ನ ಆ್ಯಶ್ಲಿ ವೆಸ್ಟ್‌ವುಡ್ ಕೋಚ್ ಆಗಿ ಬಂದರು. ಮೊದಲ ಯತ್ನದಲ್ಲೇ ಐ–ಲೀಗ್ ಟ್ರೋಫಿ ಬೆಂಗಳೂರಿಗೆ ಬಂತು. ಎರಡನೇ ವರ್ಷ ಫೆಡರೇಷನ್ ಕಪ್. ಮೂರನೇ ವರ್ಷ ಮತ್ತೆ ಲೀಗ್.

ನಡುವಿನ ವರ್ಷದ ಗಾಯ ಇನ್ನೂ ಮಾಸಿಲ್ಲ. 2015ರ ಮೇ 31ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಗೆದ್ದಿದ್ದರೆ ಲೀಗ್ ನಮ್ಮದಾಗುತ್ತಿತ್ತು. 87ನೇ ನಿಮಿಷದಲ್ಲಿ ಮೋಹನ್ ಬಾಗನ್‌ನ ಬೆಲ್ಲೊ ರಜಾಕ್ ತಲೆ ಕೊಟ್ಟು ಸಮ ಮಾಡಿದರು, ಟ್ರೋಫಿ ಹೌರಾ ರೈಲು ಹತ್ತಿತು. ಮೇ 31 ನಮಗೆ ಯಾವತ್ತೂ ಒಳ್ಳೆಯ ದಿನವಲ್ಲ, ಬಿಡಿ.

2016ರಲ್ಲಿ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಬಂದ ಕೆಲವೇ ತಿಂಗಳಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದೆವು. ಭಾರತದ ಕ್ಲಬ್ಬೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. ದೋಹಾದಲ್ಲಿ ಇರಾಕ್‌ನ ವಾಯುಪಡೆ ತಂಡ ಒಂದೇ ಗೋಲಿನಿಂದ ನಮ್ಮನ್ನು ತಡೆಯಿತು.

ಇಲ್ಲಿ ಗಮನಿಸಬೇಕಾದದ್ದು ಟ್ರೋಫಿಗಳನ್ನಲ್ಲ. 2017ರಲ್ಲಿ ಐಎಸ್‌ಎಲ್‌ಗೆ ಕಾಲಿಡುವಾಗ ಆಟಗಾರರ ಪಟ್ಟಿ ಹೇಗೆ ಕಟ್ಟಿದರು ನೋಡಿ. ಚೆಟ್ರಿ, ಉದಾಂತ ಸಿಂಗ್ ಉಳಿದರು. ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಿಂದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಬಂದರು. ರಾಹುಲ್ ಭೆಕೆ, ಸುಭಾಷಿಷ್ ಬೋಸ್ ಹಿಂಬದಿಗೆ. ನಡುವೆ ಸ್ಪೇನ್‌ನ ಡಿಮಾಸ್ ಡೆಲ್ಗಾಡೊ ಮತ್ತು ಆಸ್ಟ್ರೇಲಿಯಾದ ಎರಿಕ್ ಪಾರ್ಟಾಲು. ಮುಂದೆ ವೆನೆಜುವೆಲಾದ ಮಿಕು. ಪ್ರತಿ ವಿದೇಶಿಯನ ಪಕ್ಕದಲ್ಲೂ ಅವನ ಆಟ ಅರಿತ ಒಬ್ಬ ಭಾರತೀಯ.

ಮೊದಲ ಐಎಸ್‌ಎಲ್‌ನಲ್ಲೇ 18 ಪಂದ್ಯಗಳಿಂದ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಹೆಚ್ಚು. ಫೈನಲ್‌ನಲ್ಲಿ ಅದೇ ಚೆನ್ನೈಯಿನ್ ನಮ್ಮ ಅಂಗಳಕ್ಕೇ ಬಂದು 3–2ರಿಂದ ಗೆದ್ದುಕೊಂಡು ಹೋಯಿತು. ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಿಂದಲೇ ಕೊಂದರು. ರೋಕಾ ಹೊರಟರು. ಕ್ಲಬ್ಬು ಹೊಸಬರನ್ನು ಹುಡುಕಲಿಲ್ಲ, ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್‌ಗೇ ಪಟ್ಟ ಕಟ್ಟಿತು. ಅದೇ ಪಟ್ಟಿ, ಅದೇ ದಾರಿ. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. 117ನೇ ನಿಮಿಷ, ಡಿಮಾಸ್ ಕಾರ್ನರ್, ಭೆಕೆ ಹೆಡರ್. ಒಂದೇ ಗೋಲು, ಕಪ್ ನಮ್ಮದು.

ಈ ಭೆಕೆಯನ್ನು ನೆನಪಿಟ್ಟುಕೊಳ್ಳಿ.

ಒಟ್ಟಿಗೆ ನೆರೆತ ಕೂದಲು

ಗೆದ್ದ ತಂಡವನ್ನು ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಗೆದ್ದ ದಿನವೇ ಒಡೆಯಲು ಶುರು ಮಾಡಬೇಕು, ಅದೂ ಒಂದೊಂದೇ ಇಟ್ಟಿಗೆ.

ಮಿಕು 2019ರಲ್ಲಿ ಹೊರಟರು. ಆ ಜಾಗಕ್ಕೆ ಸ್ಪೇನ್‌ನಿಂದ ಮಾನ್ವೆಲ್ ಒನ್ವು ಬಂದರು. ಇಲ್ಲಿ ಗೋಲಿಗೆ ಪರದಾಡಿದ ಮನುಷ್ಯನನ್ನು ನಡು ಸೀಸನ್‌ನಲ್ಲಿ ಒಡಿಶಾಕ್ಕೆ ಲೋನ್ ಕೊಟ್ಟೆವು. ಅಲ್ಲಿ ನಾಲ್ಕು ಪಂದ್ಯದಲ್ಲಿ ಏಳು ಗೋಲು! ಜಮೈಕಾದ ದೆಶೋರ್ನ್ ಬ್ರೌನ್ ಕಥೆಯೂ ಹೀಗೇ. 2021ರ ಜನವರಿಯಲ್ಲಿ ಅವರನ್ನು ಬಿಟ್ಟುಕೊಟ್ಟೆವು. ಅದೇ ತಿಂಗಳು ನಾರ್ತ್‌ಈಸ್ಟ್ ಯುನೈಟೆಡ್ ಪರ ಆಡಿ, ಆ ವರ್ಷ ಚಾಂಪಿಯನ್ ಆದ ಮುಂಬೈ ಸಿಟಿಗೆ ಎರಡು ಗೋಲು ಬಾರಿಸಿದರು. ಒಬ್ಬ ಸ್ಟ್ರೈಕರ್ ಇನ್ನೊಂದು ಊರಿಗೆ ಹೋಗಿ ಮಿಂಚಿದರೆ ಅದು ಅವನ ಅದೃಷ್ಟ. ಇಬ್ಬರೂ ಹಾಗೇ ಮಿಂಚಿದರೆ ಅವರಿಗೆ ಚೆಂಡು ಒದಗಿಸುವ ನಮ್ಮ ವ್ಯವಸ್ಥೆಯಲ್ಲೇ ಐಬು ಇತ್ತೆಂದು ಅರ್ಥ.

ಇದ್ದದ್ದೂ ಹಾಗೆಯೇ. ತಂಡದ ಬೆನ್ನೆಲುಬು ಒಂದೇ ಸಮಯಕ್ಕೆ ಮುದಿಯಾಗಿತ್ತು. 2021ರಲ್ಲಿ ಡಿಮಾಸ್‌ಗೆ 38, ಪಾರ್ಟಾಲುಗೆ 35, ಡಿಫೆಂಡರ್ ಹುವಾನನ್‌ಗೆ 34. ಮೂವರೂ ಅದೇ ವರ್ಷ ಕ್ಲಬ್ ಬಿಟ್ಟರು. ಅವರ ಹಿಂದೆ ಇಪ್ಪತ್ತೈದರ ಆಸುಪಾಸಿನ ಯಾರೂ ಕಾದು ನಿಂತಿರಲಿಲ್ಲ.

ಅದಕ್ಕೂ ಮೊದಲೇ, ಸತತ ಮೂರು ಸೋಲು ಕಂಡ ಕ್ವಾಡ್ರಾಟ್‌ಗೆ 2021ರ ಜನವರಿಯಲ್ಲಿ ಗೇಟ್ ತೋರಿಸಲಾಗಿತ್ತು. ಕಪ್ ತಂದ ಕೋಚ್‌ಗೆ ಮೂರು ಪಂದ್ಯದ ಸಹನೆ! ಆತನ ಹಣೆಬರಹ ನೋಡಿ: 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್‌ನಲ್ಲೂ ಮೂರು ಸೋಲು, ಮತ್ತೆ ನಿರ್ಗಮನ. ಆ ಮೂರರಲ್ಲಿ ಮೊದಲನೆಯದನ್ನು ಉಣಿಸಿದ್ದು ನಾವೇ.

ನೌಷಾದ್ ಮೂಸಾ ಹಂಗಾಮಿಯಾಗಿ ದೋಣಿ ದಡಕ್ಕೆ ತಂದರು. ಏಳನೇ ಸ್ಥಾನ. ಮುಂದೆ ಬಂದ ಜರ್ಮನಿಯ ಮಾರ್ಕೊ ಪೆಝೈಯುಲಿ ಒಂದು ಸೀಸನ್ ಆಡಿಸಿದರು. ಆರನೇ ಸ್ಥಾನ. ಹೇಳಿಕೊಳ್ಳುವಂಥದ್ದೇನಿಲ್ಲ, ಬೈಯುವಂಥದ್ದೂ ಇಲ್ಲ.

> ಪೆವಿಲಿಯನ್ ಬಾಗಿಲು
> 2013ರಿಂದ 2021ರ ಜನವರಿಯವರೆಗೆ ಪೂರ್ಣಾವಧಿ ಕೋಚ್‌ಗಳು ಮೂವರೇ: ವೆಸ್ಟ್‌ವುಡ್, ರೋಕಾ, ಕ್ವಾಡ್ರಾಟ್. ಮೂವರೂ ಟ್ರೋಫಿ ಗೆದ್ದವರು.
> ಮುಂದಿನ ಮೂರು ವರ್ಷದೊಳಗೆ ಮತ್ತೆ ಮೂವರ ನೇಮಕ: ಪೆಝೈಯುಲಿ, ಸೈಮನ್ ಗ್ರೇಸನ್, ಹೆರಾರ್ಡ್ ಝರಗೋಝ. ಟ್ರೋಫಿ ಒಂದು: 2022ರ ಡ್ಯುರಾಂಡ್ ಕಪ್.

ಕಳಿಸಿದವರೇ ಎದುರು ನಿಂತಾಗ

ಈಗ ಭೆಕೆ ಕಥೆಗೆ ಬರೋಣ. ಕ್ಲಬ್ಬಿಗೆ ಏಕೈಕ ಐಎಸ್‌ಎಲ್ ಕಪ್ ತಂದ ಗೋಲು ಹೊಡೆದ ಈ ಡಿಫೆಂಡರ್ 2021ರಲ್ಲಿ ಮುಂಬೈ ಸಿಟಿಗೆ ಹೋದರು. ಅಲ್ಲಿ ಲೀಗ್ ಶೀಲ್ಡ್ ಗೆದ್ದರು. 2024ರ ಮೇನಲ್ಲಿ ನಾಯಕರಾಗಿ ಐಎಸ್‌ಎಲ್ ಕಪ್ಪನ್ನೂ ಎತ್ತಿದರು. ಅದರ ಬೆನ್ನಲ್ಲೇ ಬೆಂಗಳೂರು ಅವರನ್ನು ವಾಪಸ್ ಕರೆಸಿಕೊಂಡಿತು. ಆಡುವ ವಯಸ್ಸಿನ ಉತ್ತಮ ಮೂರು ವರ್ಷ ಇನ್ನೊಬ್ಬರಿಗೆ ದಾನ ಮಾಡಿ, 33 ದಾಟಿದ ಮೇಲೆ ಸಂಬಳ ಕೊಟ್ಟು ಮನೆಗೆ ಕರೆದೆವು.

ಆಶಿಕ್ ಕುರುಣಿಯನ್ ವಿಷಯ ಇನ್ನೂ ಸೊಗಸು. 2022ರಲ್ಲಿ ಆತನನ್ನು ಎಟಿಕೆ ಮೋಹನ್ ಬಾಗನ್‌ಗೆ ಕೊಟ್ಟು ಪ್ರಬೀರ್ ದಾಸ್‌ರನ್ನು ತಂದೆವು. ಪ್ರಬೀರ್ ಒಂದು ಸೀಸನ್ ಆಡಿ ಕೇರಳ ಬ್ಲಾಸ್ಟರ್ಸ್ ಸೇರಿದರು. ಆಶಿಕ್ ಬಾಗನ್‌ನಲ್ಲಿ ಟ್ರೋಫಿಗಳನ್ನು ನೋಡಿ 2025ರಲ್ಲಿ ಇಲ್ಲಿಗೇ ಮರಳಿದರು. ಕೊಟ್ಟದ್ದೂ ಇಲ್ಲ, ತಂದದ್ದೂ ಇಲ್ಲ, ಮೂರು ವರ್ಷ ಮಾತ್ರ ಹೋಯಿತು.

ಫತೋರ್ಡಾದಲ್ಲಿ ಚೆಟ್ರಿ ಉಳಿಸಿಕೊಟ್ಟ ಫೈನಲ್ ಏನಾಯಿತು? 2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್ಲಾರೆನ್ ಗೋಲು, ಮೋಹನ್ ಬಾಗನ್‌ಗೆ 2–1 ಗೆಲುವು. ಕಪ್ ಎತ್ತಿದ ಅವರ ನಾಯಕ ಸುಭಾಷಿಷ್ ಬೋಸ್. ಹೌದು, 2017–18ರಲ್ಲಿ ನಮ್ಮ ಎಡಬದಿ ಕಾದ ಅದೇ ಹುಡುಗ. ಒಂದೇ ಸೀಸನ್ ಆಡಿ ಮುಂಬೈಗೆ ಹಾರಿದ್ದ.

ಎಲ್ಲರನ್ನೂ ಹಿಡಿದಿಡಲು ಸಾಧ್ಯವಿಲ್ಲ, ಒಪ್ಪಿದೆ. ಸಂಬಳದ ಮಿತಿ ಇದೆ. ಊರಿಗೆ ಹತ್ತಿರ ಆಡಬೇಕೆಂಬ ಆಸೆ ಆಟಗಾರನಿಗೂ ಇರುತ್ತದೆ. ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ಹಣದ ಥೈಲಿ ಬಿಚ್ಚಿದರೆ ಎದುರು ನಿಲ್ಲುವುದು ಕಷ್ಟ. ಆದರೆ ಹೋಗುವವನ ಜಾಗಕ್ಕೆ ಎರಡು ವರ್ಷ ಕಿರಿಯ ಇನ್ನೊಬ್ಬ ಬೆಂಚ್ ಮೇಲೆ ಕೂತಿರಬೇಕು. ಕೂತಿರಲಿಲ್ಲ ಎಂಬುದೇ ತಕರಾರು.

ಗ್ರೇಸನ್‌ರ ಎರಡು ಡಿಸೆಂಬರ್

ಪಟ್ಟಿ ಕೆಟ್ಟರೆ ಕೋಚ್ ಗತಿ ಏನು ಎಂಬುದಕ್ಕೆ ಸೈಮನ್ ಗ್ರೇಸನ್ ಪಾಠದಂತಿದ್ದಾರೆ.

2022ರ ಬೇಸಿಗೆಯಲ್ಲಿ ಬಂದ ಈ ಇಂಗ್ಲಿಷಿನವರ ಕೈಗೆ ಒಳ್ಳೆಯ ಸರಕೇ ಸಿಕ್ಕಿತ್ತು. ಫಿಜಿಯ ರಾಯ್ ಕೃಷ್ಣ ಮುಂದೆ, ಸಂದೇಶ್ ಜಿಂಗನ್ ಹಿಂದೆ. ಜತೆಗೆ ಕ್ಲಬ್ಬಿನ ಕಿರಿಯರ ತಂಡದಿಂದ ತಮಿಳುನಾಡಿನ ಶಿವಶಕ್ತಿ ನಾರಾಯಣನ್. ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಹೊಡೆದದ್ದು ಈ ಶಿವಶಕ್ತಿಯೇ.

ಲೀಗ್ ಶುರುವಾದಾಗ ತಂಡ ಎಡವಿತು. ಡಿಸೆಂಬರ್ ಹೊತ್ತಿಗೆ ಅಂಕಪಟ್ಟಿಯ ಕೆಳಭಾಗದಲ್ಲಿ. ಗ್ಯಾಲರಿಯಲ್ಲಿ ಗೊಣಗಾಟ ಜೋರಾಗಿತ್ತು, ನಮ್ಮದೂ ಸೇರಿ. ಆದರೆ ಮಾಲೀಕರು ಅಲುಗಾಡಲಿಲ್ಲ. ಆಮೇಲೆ ನಡೆದದ್ದು ಸತತ ಎಂಟು ಗೆಲುವು! ನಾಲ್ಕನೇ ಸ್ಥಾನ. ಪ್ಲೇಆಫ್‌ನಲ್ಲಿ ಎದುರಾಳಿ ಗೋಡೆ ಕಟ್ಟಿಕೊಳ್ಳುವ ಮೊದಲೇ ಚೆಟ್ರಿ ಹೊಡೆದ ಫ್ರೀ ಕಿಕ್, ಸಿಟ್ಟಾಗಿ ಮೈದಾನ ಬಿಟ್ಟು ನಡೆದ ಕೇರಳ ಬ್ಲಾಸ್ಟರ್ಸ್, ಆ ಗಲಾಟೆಗೆ ಬಿದ್ದ 4 ಕೋಟಿ ರೂಪಾಯಿ ದಂಡ. ಎಲ್ಲ ದಾಟಿ ಫೈನಲ್, ಅಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು.

ಆ ಮೇ ತಿಂಗಳು ಮತ್ತೆ ಬಂತು. ರಾಯ್ ಕೃಷ್ಣ ಒಡಿಶಾಕ್ಕೆ. ಜಿಂಗನ್ ಗೋವಾಕ್ಕೆ. ಒಂಬತ್ತು ವರ್ಷ ಇಲ್ಲೇ ಬೆಳೆದ ಉದಾಂತ ಸಿಂಗ್ ಕೂಡ ಗೋವಾಕ್ಕೆ. ಪ್ರಬೀರ್ ಕೊಚ್ಚಿಗೆ. ಫೈನಲ್ ಆಡಿದ ತಂಡದ ಬೆನ್ನು ಒಂದೇ ಬೇಸಿಗೆಯಲ್ಲಿ ಕರಗಿತು.

2023ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ನಾಲ್ಕು ಗೋಲು ಬಾರಿಸಿತು. ಅದರ ಬೆನ್ನಲ್ಲೇ ಗ್ರೇಸನ್ ಮನೆಗೆ. ಸೀಸನ್ ಕೊನೆಗೆ 12 ತಂಡಗಳ ಪೈಕಿ ಹತ್ತನೇ ಸ್ಥಾನ.

ಅದೇ ಮನುಷ್ಯ, ಅದೇ ಡಿಸೆಂಬರ್. ಒಂದು ವರ್ಷದ ಹಿಂದೆ ಸಹನೆ ತೋರಿದ್ದು ಫಲ ಕೊಟ್ಟಿತ್ತು, ಯಾಕೆಂದರೆ ಪಟ್ಟಿಯಲ್ಲಿ ಕಾಯಲು ಯೋಗ್ಯವಾದ ಆಟಗಾರರಿದ್ದರು. ಎರಡನೇ ಸಲ ಕಾಯಲು ಏನೂ ಉಳಿದಿರಲಿಲ್ಲ.

ಬದಲಿಗೆ ಬಂದ ಝರಗೋಝ ಹೊಸಬರೇನಲ್ಲ. ಕಪ್ ಗೆದ್ದ 2018–19ರಲ್ಲಿ ಕ್ವಾಡ್ರಾಟ್‌ಗೆ ಸಹಾಯಕರಾಗಿದ್ದವರು. ಅವರಿಗೆ 2024ರ ಬೇಸಿಗೆಯಲ್ಲಿ ಬೇಕಾದವರನ್ನು ತಂದುಕೊಟ್ಟರು. ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ, ಮುಂಬೈಯಿಂದ ಆಲ್ಬರ್ಟೊ ನೊಗೇರಾ, ಹೋರ್ಹೆ ಪೆರೇರಾ ಡಿಯಾಸ್, ಜತೆಗೆ ಭೆಕೆ. ಹತ್ತನೇ ಸ್ಥಾನದ ತಂಡ ಮೂರಕ್ಕೆ ಜಿಗಿಯಿತು. ಪ್ಲೇಆಫ್‌ನಲ್ಲಿ ಮುಂಬೈಗೆ 5–0 ಏಟು. ಕೋಚ್ ಜಾಣನೇ ಇರಬಹುದು. ಆದರೆ ಅದೇ ಜಾಣನಿಗೆ ಹಿಂದಿನ ಅರ್ಧ ಸೀಸನ್‌ನಲ್ಲಿ ಹಳೇ ಪಟ್ಟಿ ಇಟ್ಟುಕೊಂಡು ತಂಡವನ್ನು ಹತ್ತರಿಂದ ಮೇಲೆತ್ತಲು ಆಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಊರ ಹುಡುಗರು ಎಲ್ಲಿ?

ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಅಂಗಿ ತೊಟ್ಟು ಕೂಗುವವರ ನಡುವೆ ಪ್ರತಿ ವರ್ಷ ಏಳುವ ಪ್ರಶ್ನೆ ಇದು. ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ. ಇಷ್ಟೆಲ್ಲ ಇರುವ ಊರಿನ ತಂಡದಲ್ಲಿ ಊರಿನವರು ಎಷ್ಟು?

ಉತ್ತರ ಪೂರ್ತಿ ಕತ್ತಲೆಯಲ್ಲ. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧದ ಸೀಸನ್ನಿನ ಮೊದಲ ಪಂದ್ಯದಲ್ಲಿ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಬೆಂಗಳೂರು ಹುಡುಗ ವಿನಿತ್ ವೆಂಕಟೇಶ್ ಲೀಗ್‌ಗೆ ಕಾಲಿಟ್ಟ ದಿನವೇ ಗೋಲು ಹೊಡೆದು ಪಂದ್ಯ ಗೆದ್ದುಕೊಟ್ಟ. ವಯಸ್ಸು 19. ಮಧ್ಯರಂಗದಲ್ಲಿ ಶಂಕರ್ ಸಂಪಂಗಿರಾಜ್ ಕೂಡ ನಮ್ಮೂರಿನವರೇ.

ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಕ್ರೀಡಾ ಸಂಸ್ಥೆಯಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ನಡೆದಿದೆ. 2022ರಲ್ಲಿ ಕಿರಿಯರ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಪ್ರಶಸ್ತಿ ಗೆದ್ದದ್ದೂ ಇದೇ ಕ್ಲಬ್ಬು. ಮೊಳಕೆ ಬರುತ್ತಿದೆ. ಗೊಂದಲ ಇರುವುದು ಹತ್ತೊಂಬತ್ತಕ್ಕೂ ಇಪ್ಪತ್ಮೂರಕ್ಕೂ ನಡುವಿನ ವರ್ಷಗಳಲ್ಲಿ. ಆ ವಯಸ್ಸಿನವನಿಗೆ ಬೇಕಾದದ್ದು ಸೀಸನ್ನಿಗೆ ಸಾವಿರದೈನೂರು ನಿಮಿಷದ ಆಟ, ಬೆಂಚ್ ಅಲ್ಲ. ಇಲ್ಲಿ ಜಾಗವಿಲ್ಲದಿದ್ದರೆ ಕರಾರು ಉದ್ದ ಮಾಡಿ ಎರಡನೇ ದರ್ಜೆಯ ಲೀಗ್‌ಗೆ ಲೋನ್ ಕಳಿಸಬೇಕು. ಶಿವಶಕ್ತಿ ಅಷ್ಟು ಚೆಂದ ಹೊತ್ತಿಕೊಂಡು ಆಮೇಲೆ ಮಂಕಾದದ್ದು ನೋಡಿದ ಮೇಲೆ ಈ ಮಾತು ಹೇಳದೆ ಇರಲಾಗದು.

> ಅಹ್ಮದ್ ಖಾನ್ ಹೋದ ದಾರಿ
> ಬೆಂಗಳೂರು ಆಟಗಾರರನ್ನು ಬೇರೆ ಊರು ಸೆಳೆದುಕೊಳ್ಳುವುದು ಹೊಸತಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಮರುವರ್ಷವೇ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುಂಚೂಣಿಯ ಐವರನ್ನು ಕೋಲ್ಕತ್ತ ‘ಪಂಚಪಾಂಡವರು’ ಎಂದು ಕರೆಯಿತು. 2017ರಲ್ಲಿ ಖಾನ್ ಕೊನೆಯುಸಿರೆಳೆದರು.
> ಅದೇ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಐಟಿಐ, ಎಚ್‌ಎಎಲ್, ಬಿಇಎಲ್ ತಂಡಗಳ ಕಾಲದಲ್ಲಿ ಕರಾರು ಎಂದರೆ ನೌಕರಿ. ಬೂಟು ಬಿಚ್ಚಿಟ್ಟ ಮೇಲೂ ಕಾರ್ಖಾನೆ ಕ್ಯಾಂಟೀನಿನ ಊಟ, ನಿವೃತ್ತಿವರೆಗೆ ಸಂಬಳ. ಆಟಗಾರ ಊರು ಬಿಡದಿರಲು ಅದೊಂದೇ ಕಾರಣ ಸಾಕಿತ್ತು. ಇವತ್ತು ಸಂಬಳ ಎಷ್ಟೋ ಪಾಲು ದೊಡ್ಡದು, ಭದ್ರತೆ ಅಷ್ಟೇ ತೆಳು.

ಸಂಬಳ ನಿಂತ ಆಗಸ್ಟ್

ಎಷ್ಟು ತೆಳು ಎಂಬುದು 2025ರಲ್ಲಿ ಗೊತ್ತಾಯಿತು. ಭಾರತೀಯ ಫುಟ್‌ಬಾಲ್ ಫೆಡರೇಷನ್ನು ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ನಡುವೆ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಎಲ್ಲರಿಗೂ ಗೊತ್ತಿದ್ದ ತಾರೀಖು! ಆದರೂ ನವೀಕರಣ ಆಗಲಿಲ್ಲ. ಆಟಗಾರನ ಕರಾರಿನ ಕೊನೆಯ ವರ್ಷದವರೆಗೆ ಕಾಯುವ ಕ್ಲಬ್ಬುಗಳನ್ನು ಬೈಯುವ ನಾವು, ಇಡೀ ಲೀಗನ್ನೇ ಹಾಗೆ ನಡೆಸಿದವರನ್ನು ಏನೆನ್ನಬೇಕು?

ಜುಲೈ 11ರಂದು ಲೀಗ್‌ಗೆ ತಡೆ ಬಿತ್ತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯ ಹುಡುಗ–ಹುಡುಗಿಯರ ತಂಡಗಳಿಗೆ, ಸಾಕರ್ ಶಾಲೆಗಳಿಗೆ ತೊಂದರೆ ಇಲ್ಲ ಎಂಬುದಷ್ಟೇ ಸಮಾಧಾನ. ಲೀಗ್ ಹಕ್ಕಿಗೆ ಟೆಂಡರ್ ಕರೆದರೆ ನವೆಂಬರ್‌ನಲ್ಲಿ ಒಬ್ಬರೂ ಬಿಡ್ ಹಾಕಲಿಲ್ಲ. ಕಡೆಗೆ ಕೇಂದ್ರ ಕ್ರೀಡಾ ಸಚಿವಾಲಯ ನಡುವೆ ಬಂದು, 2026ರ ಫೆಬ್ರುವರಿ 14ರಿಂದ 14 ತಂಡಗಳ ಮೊಟಕು ಲೀಗ್ ಎಂದು ತೀರ್ಮಾನವಾಯಿತು.

ಯಾವ ಕೋಚ್ ಆದರೂ ಎರಡು ವರ್ಷ ಮುಂದಿನ ಪಟ್ಟಿ ಯೋಚಿಸಬೇಕು ಎಂದು ಉಪದೇಶ ಮಾಡುವುದು ಸುಲಭ. ಮುಂದಿನ ತಿಂಗಳು ಪಂದ್ಯ ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಯಾರು ಯಾವ ಕರಾರಿಗೆ ಸಹಿ ಹಾಕುತ್ತಾರೆ? ಈ ವಿಷಯದಲ್ಲಿ ನನ್ನ ಸಿಟ್ಟು ಕ್ಲಬ್ಬಿನ ಮೇಲಿಲ್ಲ, ದಿಲ್ಲಿಯ ಮೇಲಿದೆ.

ಒಂದು ಪಾಸ್‌ಪೋರ್ಟ್, ಒಂದು ಜಾಗ

ಆ ಗೊಂದಲದ ನಡುವೆಯೇ ಪಟ್ಟಿ ಕಟ್ಟುವವರಿಗೆ ಒಂದು ಬಂಪರ್ ಹೊಡೆಯಿತು. 2023ರಿಂದ ಇಲ್ಲಿ ಆಡುತ್ತಿರುವ ಪರ್ತ್‌ನ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು 2025ರ ನವೆಂಬರ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದರು. ತಾಯಿ ಮುಂಬೈಯ ಆಂಗ್ಲೋ ಇಂಡಿಯನ್ ಮನೆತನದವರು. ಅಜ್ಜ ಲಿಂಕನ್ ಗ್ರೋಸ್ಟೇಟ್ ಐವತ್ತರ ದಶಕದಲ್ಲಿ ಬಾಂಬೆ ಪರ ಸಂತೋಷ್ ಟ್ರೋಫಿ ಆಡಿದವರು. ಪಾಸ್‌ಪೋರ್ಟನ್ನು ರಯಾನ್ ಕೈಗಿಟ್ಟದ್ದು ಚೆಟ್ರಿ.

ಭಾವುಕತೆ ಬದಿಗಿಟ್ಟು ಲೆಕ್ಕ ನೋಡಿ. ಫುಲಾಮ್, ಪೋರ್ಟ್ಸ್‌ಮತ್‌ನಲ್ಲಿ ಪಳಗಿದ ವಿಂಗರ್ ಈಗ ಏಳು ಭಾರತೀಯರಲ್ಲಿ ಒಬ್ಬ. ವಿದೇಶಿಯರ ನಾಲ್ಕು ಜಾಗದಲ್ಲಿ ಒಂದು ತೆರವಾಯಿತು. ಹಣ ಕೊಟ್ಟರೂ ಇಂಥ ವರ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಆ ಜಾಗಕ್ಕೆ ಬರಬೇಕಾದದ್ದು ಇಪ್ಪತ್ತೈದು ದಾಟದ ಸೆಂಟರ್ ಫಾರ್ವರ್ಡ್. ಮೂವತ್ಮೂರರ ಇನ್ನೊಬ್ಬ ಸ್ಪೇನಿನವನಲ್ಲ.

ಯಾಕೆಂದರೆ ಕೂದಲು ಮತ್ತೆ ಒಟ್ಟಿಗೇ ನೆರೆಯುತ್ತಿದೆ. ಗೋಲ್‌ನಲ್ಲಿರುವ ಗುರುಪ್ರೀತ್ ಹುಟ್ಟಿದ್ದು 1992ರಲ್ಲಿ. ಮುಂದೆ ನಿಲ್ಲುವ ಭೆಕೆ 1990. ತುದಿಯಲ್ಲಿರುವ ಚೆಟ್ರಿ 1984. 2021ರಲ್ಲಿ ಕಳಚಿದ ಮೂವರು ವಿದೇಶಿಯರಾಗಿದ್ದರು, ಬೇರೆಯವರನ್ನು ವಿಮಾನದಲ್ಲಿ ತರಿಸಬಹುದಿತ್ತು. ಈ ಮೂವರು ಭಾರತೀಯರು. ಸಂತೆಯಲ್ಲಿ ಸಿಗುವವರಲ್ಲ.

ಈ ಮೂವರ ಕರಾರು ಯಾವ ಮೇ 31ಕ್ಕೆ ಮುಗಿಯುತ್ತದೆ, ಅವರ ಹಿಂದೆ ಯಾರನ್ನು ಸಜ್ಜು ಮಾಡಿದ್ದೀರಿ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡವನಿಗೆ ಇದೆ. ನಮ್ಮ ಲೀಗ್‌ನ ಕ್ಲಬ್ಬುಗಳು ಹೊಸ ಆಟಗಾರನ ಫೋಟೊ ಹಾಕಿ ‘ಬಹು ವರ್ಷದ ಕರಾರು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದುಂಟು. ಬಹು ಎಂದರೆ ಎರಡೋ, ಐದೋ? ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಪ್ರತಿ ಬೇಸಿಗೆಯಲ್ಲಿ ಯಾವ ಕ್ಲಬ್ಬು ಯಾರನ್ನು ಉಳಿಸಿಕೊಂಡಿತು, ಯಾರನ್ನು ಬಿಟ್ಟಿತು ಎಂಬ ಪಟ್ಟಿಯನ್ನು ಹೆಸರು ಸಮೇತ ಪ್ರಕಟಿಸುತ್ತದೆ. ನಮ್ಮ ಲೀಗ್ ನಡೆಸುವವರು ಅಷ್ಟು ಮಾಡಲಿ, ಪಕ್ಕದಲ್ಲಿ ಕರಾರು ಮುಗಿಯುವ ವರ್ಷವನ್ನೂ ನಮೂದಿಸಲಿ. ಕೋಚ್‌ನನ್ನು ಬೈಯುವುದೋ, ಆ ಪಟ್ಟಿಗೆ ಸಹಿ ಹಾಕಿದವರನ್ನು ಬೈಯುವುದೋ ಎಂದು ವೆಸ್ಟ್ ಬ್ಲಾಕ್ ಆಮೇಲೆ ನಿರ್ಧರಿಸುತ್ತದೆ.